ಇಂಧನದ ಒತ್ತಡ: ಅಳತೆಯೋ, ಊಹೆಯೋ?

ಹಳೆಯ ಟರ್ಬೊ ಕಾರೊಂದು ಏರುದಾರಿಯಲ್ಲಿ ಸೋಲುತ್ತಿದೆಯೆಂದು ಭಾವಿಸೋಣ. ಸಮತಟ್ಟಾದ ರಸ್ತೆಯಲ್ಲಿ ಅದಕ್ಕೆ ಯಾವ ಕುಂದೂ ಇಲ್ಲ. ಬೆಳಗಿನ ಚಳಿಯಲ್ಲಿಯೂ ಒಂದೇ ಯತ್ನಕ್ಕೆ ಹೊತ್ತಿಕೊಳ್ಳುತ್ತದೆ. ನಿಂತಲ್ಲಿ ಎಂಜಿನ್ನು ಗಡಿಯಾರದಂತೆ ನಡೆಯುತ್ತದೆ. ಆದರೆ ನಾಲ್ವರನ್ನು ಕೂರಿಸಿಕೊಂಡು, ಬಿಸಿಲು ಹೊತ್ತಿನಲ್ಲಿ, ಉದ್ದನೆಯ ಏರನ್ನು ಹತ್ತುವಾಗ ಪೆಡಲನ್ನು ಪೂರ್ತಿ ಅದುಮಿದರೂ ಹಿಂದಿನ ಹುರುಪು ಕಾಣುವುದಿಲ್ಲ. ಯಜಮಾನರು ಗ್ಯಾರೇಜಿಗೆ ಒಯ್ಯುತ್ತಾರೆ. ಅಲ್ಲಿ ಮೊದಲು ಸ್ಪಾರ್ಕ್ ಪ್ಲಗ್ಗುಗಳು ಬದಲಾಗುತ್ತವೆ. ತರುವಾಯ ಪೆಟ್ರೋಲಿನ ಪಂಪು. ಅದರಿಂದಲೂ ಗುಣ ಕಾಣದಿರಲು ಟರ್ಬೊ ತಾನೇ ದೋಷಿಯೆಂದು ತೀರ್ಮಾನವಾಗಿ ಅದೂ ಬದಲಾಗುತ್ತದೆ. ಬಿಲ್ಲು ಬೆಳೆಯುತ್ತದೆ, ಗಾಡಿ ಮಾತ್ರ ಅದೇ ಏರಿನಲ್ಲಿ ಮೊದಲಿನಂತೆಯೇ ಸೋಲುತ್ತದೆ. ಇಷ್ಟೆಲ್ಲ ಆಗುವವರೆಗೂ ಇಂಧನದ ಒತ್ತಡವೆಷ್ಟೆಂದು ಯಾರೂ ಅಳೆದಿರುವುದಿಲ್ಲ. ಅಳೆದಿದ್ದರೂ ಗಾಡಿಯನ್ನು ನಿಲ್ಲಿಸಿಕೊಂಡು ಅಳೆದಿರುತ್ತಾರೆ. ಈ ಎರಡನೆಯ ತಪ್ಪೇ ಹೆಚ್ಚು ಕೆಟ್ಟದ್ದೆಂಬುದು ನಮ್ಮ ಅಭಿಪ್ರಾಯ. ಅಳೆಯದವನಿಗೆ ಸಂದೇಹವಾದರೂ ಉಳಿದಿರುತ್ತದೆ. ನಿಂತ ಗಾಡಿಯಲ್ಲಿ ಅಳೆದು ತೃಪ್ತನಾದವನು ಅದನ್ನೂ ಕಳೆದುಕೊಂಡಿರುತ್ತಾನೆ.

ಈ ಮಾತನ್ನು ವಿವರಿಸಲು ಒಂದು ನಿಜವಾದ ಗಾಡಿಯನ್ನೇ ಎತ್ತಿಕೊಳ್ಳುವುದು ಮೇಲು. ಸ್ವೀಡನ್ನಿನ ಸಾಬ್ ಕಂಪನಿಯು ೧೯೭೭ರಲ್ಲಿ ತನ್ನ ಮೊದಲ ಟರ್ಬೊ ಕಾರನ್ನು ಪ್ರದರ್ಶಿಸಿತು. ಅದಕ್ಕೂ ಮೊದಲು, ೧೯೬೨ರಲ್ಲಿಯೇ, ಅಮೆರಿಕದಲ್ಲಿ ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್ ಮತ್ತು ಷೆವ್ರೊಲೆ ಕಾರ್ವೇರ್ ಎಂಬ ಟರ್ಬೊ ಕಾರುಗಳು ಬಂದಿದ್ದವು. ಹೊಗೆಯ ವೇಗದಿಂದ ಚಕ್ರವೊಂದನ್ನು ತಿರುಗಿಸಿ ಗಾಳಿಯನ್ನು ಎಂಜಿನ್ನಿಗೆ ತುರುಕುವ ಉಪಾಯವಾದರೋ ೧೯೦೫ರಷ್ಟು ಹಳೆಯದು. ಅದು ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿಯವರದು. ಆದರೆ ಅದನ್ನು ದಿನಬಳಕೆಯ ಕುಟುಂಬದ ಕಾರಿಗೆ ಒಗ್ಗಿಸಿದ ಕೀರ್ತಿಯ ದೊಡ್ಡ ಪಾಲು ಸಾಬಿನ ಎಂಜಿನಿಯರ್ ಪೇರ್ ಗಿಲ್‌ಬ್ರಾಂಡ್ ಮತ್ತು ಅವರ ಸಂಗಡಿಗರಿಗೆ ಸಲ್ಲುತ್ತದೆ. ನಮ್ಮ ಉದಾಹರಣೆಗೆ ಆ ಕಂಪನಿಯ ೯೦೦ ಟರ್ಬೊ ೧೬ ಎಂಬ ಮಾದರಿ ತಕ್ಕುದಾಗಿದೆ. ಎರಡು ಲೀಟರಿಗೆ ತುಸು ಕಡಮೆಯ ನಾಲ್ಕು ಸಿಲಿಂಡರಿನ ಎಂಜಿನ್ನು, ಸುಮಾರು ೧೭೫ ಅಶ್ವಶಕ್ತಿ, ಬಾಷ್ ಕಂಪನಿಯ ಎಲ್‌ಎಚ್-ಜೆಟ್ರಾನಿಕ್ ಎಂಬ ಇಂಧನ ವ್ಯವಸ್ಥೆ. (ಬೆಂಗಳೂರಿನವರಿಗೆ ಬಾಷ್ ಹೊಸ ಹೆಸರಲ್ಲ, ಆಡುಗೋಡಿಯ ಮೈಕೋ ಕಾರ್ಖಾನೆಯೇ ೨೦೦೮ರಲ್ಲಿ ಆ ಹೆಸರನ್ನು ತಳೆಯಿತು.) ಸಾಬ್ ಕಾರು ಕಂಪನಿ ೨೦೧೧ರ ಕೊನೆಯಲ್ಲಿ ದಿವಾಳಿಯೆದ್ದಿತು. ಹೀಗಿದ್ದರೂ ಈ ಗಾಡಿಗಳನ್ನು ಅಕ್ಕರೆಯಿಂದ ಉಳಿಸಿಕೊಂಡಿರುವವರು ಯೂರೋಪಿನಲ್ಲಿಯೂ ಅಮೆರಿಕದಲ್ಲಿಯೂ ಬಹಳ ಮಂದಿ ಇದ್ದಾರೆ.

ಈ ವ್ಯವಸ್ಥೆಯ ಕೆಲಸವನ್ನು ಸಂಕ್ಷೇಪವಾಗಿ ನೋಡೋಣ. ಟ್ಯಾಂಕಿನಲ್ಲಿರುವ ವಿದ್ಯುತ್ ಪಂಪು ಪೆಟ್ರೋಲನ್ನು ಫಿಲ್ಟರಿನ ಮೂಲಕ ನೂಕಿ, ಎಂಜಿನ್ನಿನ ಮಗ್ಗುಲಲ್ಲಿರುವ ‘ರೈಲು’ ಎಂಬ ಕೊಳವೆಗೆ ತಲಪಿಸುತ್ತದೆ. ಆ ಕೊಳವೆಯಿಂದ ನಾಲ್ಕು ಇಂಜೆಕ್ಟರುಗಳು ಪೆಟ್ರೋಲನ್ನು ಸಿಂಪಡಿಸುತ್ತವೆ. ರೈಲಿನ ಕೊನೆಯಲ್ಲಿ ಒತ್ತಡವನ್ನು ಹದದಲ್ಲಿಡುವ ರೆಗ್ಯುಲೇಟರು ಇದೆ. ಹೆಚ್ಚಾದ ಪೆಟ್ರೋಲನ್ನು ಅದು ಮರಳಿ ಟ್ಯಾಂಕಿಗೆ ಬಿಡುತ್ತದೆ. ಎಂಜಿನ್ನು ಎಷ್ಟು ಗಾಳಿಯನ್ನು ಸೇವಿಸಿತೆಂಬುದನ್ನು ಕಾದ ತಂತಿಯೊಂದರ ಸಹಾಯದಿಂದ ಅಳೆದು, ಇಂಜೆಕ್ಟರುಗಳನ್ನು ಎಷ್ಟು ಮಿಲಿಸೆಕೆಂಡು ತೆರೆದಿಡಬೇಕೆಂದು ಪುಟ್ಟ ಕಂಪ್ಯೂಟರು ಗುಣಿಸುತ್ತದೆ. ಓದುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಗಾಳಿಗೆ ಅಳತೆ ಉಂಟು, ಕಾಲಕ್ಕೆ ಅಳತೆ ಉಂಟು. ಪೆಟ್ರೋಲಿನ ಒತ್ತಡಕ್ಕೆ ಮಾತ್ರ ಈ ವ್ಯವಸ್ಥೆಯಲ್ಲಿ ಅಳತೆಯೇ ಇಲ್ಲ. ಒತ್ತಡ ಸರಿಯಾಗಿಯೇ ಇದೆಯೆಂದು ಕಂಪ್ಯೂಟರು ನಂಬಿಕೊಂಡಿದೆ. ನಂಬಿಕೆ ಸುಳ್ಳಾದಾಗ ಅದಕ್ಕೆ ನೇರವಾಗಿ ತಿಳಿಸುವವರಿಲ್ಲ.

ಈಗ ಆ ಒತ್ತಡವೆಂದರೇನೆಂಬುದನ್ನು ವಿಚಾರಿಸಬೇಕು. ಇಂಜೆಕ್ಟರಿನ ಒಂದು ಬದಿಯಲ್ಲಿ ರೈಲಿನ ಪೆಟ್ರೋಲು ಇದೆ. ಇನ್ನೊಂದು ಬದಿ ಎಂಜಿನ್ನಿಗೆ ಗಾಳಿ ಹೋಗುವ ಮ್ಯಾನಿಫೋಲ್ಡಿಗೆ ತೆರೆದಿದೆ. ಪೆಟ್ರೋಲು ಹರಿಯುವುದು ಈ ಎರಡು ಬದಿಗಳ ಒತ್ತಡದ ಅಂತರದಿಂದಲೇ ಹೊರತು ರೈಲಿನ ಒತ್ತಡವೊಂದರಿಂದಲೇ ಅಲ್ಲ. ಟರ್ಬೊ ಇಲ್ಲದ ಎಂಜಿನ್ನಿನ ಮ್ಯಾನಿಫೋಲ್ಡಿನಲ್ಲಿ ಒತ್ತಡ ವಾಯುಮಂಡಲದ ಮಟ್ಟವನ್ನು ಮೀರುವುದೇ ಇಲ್ಲವೆನ್ನಬಹುದು. ಟರ್ಬೊ ಎಂಜಿನ್ನಿನಲ್ಲಿ ಅದು ಮೀರುತ್ತದೆ. ಆ ಹೆಚ್ಚಳಕ್ಕೆ ಬೂಸ್ಟ್ ಎಂದು ಹೆಸರು. ಅಂತರವು ಬದಲಾಗದಂತೆ ನೋಡಿಕೊಳ್ಳಲೆಂದೇ ಮ್ಯಾನಿಫೋಲ್ಡಿನಿಂದ ರೆಗ್ಯುಲೇಟರಿಗೆ ಸಣ್ಣ ರಬ್ಬರು ಕೊಳವೆಯೊಂದನ್ನು ಎಳೆದಿರುತ್ತಾರೆ. ಬೂಸ್ಟ್ ಎಷ್ಟು ಏರಿತೋ ರೈಲಿನ ಒತ್ತಡವೂ ಅಷ್ಟೇ ಏರಬೇಕು.

ಲೆಕ್ಕದ ಸೌಕರ್ಯಕ್ಕಾಗಿ ಈ ಅಂತರ ೩ ಬಾರ್ ಎಂದು ಇಟ್ಟುಕೊಳ್ಳೋಣ; ಆಯಾ ಗಾಡಿಯ ನಿಜವಾದ ಅಂಕಿಯನ್ನು ಅದರ ಕೈಪಿಡಿಯಿಂದಲೇ ತಿಳಿಯತಕ್ಕದ್ದು. ಬೂಸ್ಟ್ ೦.೭ ಬಾರ್ ಇದ್ದಾಗ ರೈಲಿನಲ್ಲಿ ೩.೭ ಇರಬೇಕು. ಅಲ್ಲಿ ೨.೭ ಮಾತ್ರ ಇದೆಯೆನ್ನೋಣ. ಆಗ ಅಂತರ ೨ ಬಾರ್ ಆಯಿತು. ಕಿರಿದಾದ ರಂಧ್ರದ ಮೂಲಕ ಹರಿಯುವ ದ್ರವದ ಮೊತ್ತವು ಒತ್ತಡದ ಅಂತರದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆಂಬುದನ್ನು ಕಾಲೇಜಿನ ವಿದ್ಯಾರ್ಥಿಗಳು ಬರ್ನೂಲಿಯ ಸಮೀಕರಣದಿಂದ ಅರಿತಿದ್ದಾರೆ. ೨ನ್ನು ೩ರಿಂದ ಭಾಗಿಸಿ ವರ್ಗಮೂಲ ತೆಗೆದರೆ ೦.೮೨ ಬರುತ್ತದೆ. ಎಂದರೆ ಪೆಟ್ರೋಲು ನೂರಕ್ಕೆ ಹದಿನೆಂಟು ಪಾಲು ಕಡಮೆಯಾಯಿತು. ಪೂರ್ಣ ಭಾರದಲ್ಲಿ ಒಂದು ತೂಕ ಪೆಟ್ರೋಲಿಗೆ ಹನ್ನೆರಡು ತೂಕ ಗಾಳಿಯೆಂದು ಏರ್ಪಡಿಸಿದ್ದ ಮಿಶ್ರಣ ಈಗ ೧೪.೭ಕ್ಕೆ ಜಾರಿತು. ರಸಾಯನಶಾಸ್ತ್ರದ ದೃಷ್ಟಿಯಿಂದ ಇದು ಶುದ್ಧ ಪೆಟ್ರೋಲನ್ನು ಸುಡಲು ಬೇಕಾದ ಸರಿಯಾದ ಪ್ರಮಾಣವೇ! ಇದರಲ್ಲಿ ಅಪಾಯವೇನೆಂದು ಕೆಲವರು ಕೇಳಬಹುದು. ಪೂರ್ಣ ಬೂಸ್ಟಿನಲ್ಲಿ ಸೇರಿಸುವ ಹೆಚ್ಚಿನ ಪೆಟ್ರೋಲು ಉರಿಯಲೆಂದು ಮಾತ್ರ ಇರುವುದಲ್ಲ. ಅದು ಆವಿಯಾಗುತ್ತ ಸಿಲಿಂಡರಿನ ಒಳಗಿನ ಶಾಖವನ್ನು ಹೀರುತ್ತದೆ. ಆ ತಂಪು ತಪ್ಪಿದರೆ ಮಿಶ್ರಣದ ಕೊನೆಯ ಭಾಗ ಜ್ವಾಲೆ ತಲಪುವ ಮುನ್ನವೇ ತಾನಾಗಿ ಸಿಡಿಯುತ್ತದೆ. ಇದೇ ನಾಕಿಂಗ್ ಎಂಬ ಬಡಿತ. ಪಿಸ್ಟನ್ನುಗಳು ಅಲ್ಯೂಮಿನಿಯಮ್ ಮಿಶ್ರಲೋಹದವು. ಶುದ್ಧ ಅಲ್ಯೂಮಿನಿಯಮ್ ೬೬೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುತ್ತದೆ, ಮಿಶ್ರಲೋಹ ಇನ್ನೂ ಕಡಮೆಗೇ. ಬಡಿತ ಬಿಡದೆ ನಡೆದರೆ ಪಿಸ್ಟನ್ನಿನ ಅಂಚು ಒಡೆಯುವುದೂ ನೆತ್ತಿ ಕರಗುವುದೂ ಉಂಟು. ಹುರುಪು ಕಡಮೆಯಾಯಿತೆಂಬ ಸಣ್ಣ ದೂರಿನ ಹಿಂದೆ ಇಂಥ ಕೇಡು ಅಡಗಿರಬಹುದು.

ಹಾಗಾದರೆ ಈ ರೋಗ ಬೇಗನೆ ಏಕೆ ಬಯಲಾಗುವುದಿಲ್ಲ? ಅದನ್ನು ಮರೆಮಾಡುವ ಸಂಗತಿಗಳು ಮೂರಿವೆ. ಮೂರೂ ಗಾಡಿಯ ಒಳಿತಿಗಾಗಿಯೇ ಇರುವಂಥವು. ಮೊದಲನೆಯದು ಪಂಪಿನ ಧಾರಾಳತನ. ನಿಂತಲ್ಲಿ ನಡೆಯುವ ಎಂಜಿನ್ನಿಗೆ ಗಂಟೆಗೆ ಸುಮಾರು ಒಂದು ಲೀಟರು ಪೆಟ್ರೋಲು ಸಾಕು. ೧೭೫ ಅಶ್ವಶಕ್ತಿಯನ್ನು ಕೊಡುವಾಗ ಐವತ್ತು ಲೀಟರಿಗೂ ಮೇಲೆ ಬೇಕು. ಆದುದರಿಂದ ಅರ್ಧ ಶಕ್ತಿಯನ್ನು ಕಳೆದುಕೊಂಡ ಪಂಪೂ ನಿಂತ ಗಾಡಿಯಲ್ಲಿ ರೆಗ್ಯುಲೇಟರಿಗೆ ಬೇಕಾದ ಒತ್ತಡವನ್ನು ಸುಲಭವಾಗಿ ಒದಗಿಸುತ್ತದೆ. ಎರಡನೆಯದು ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಗಮನಿಸುವ ಸಂವೇದಿ. ಹೊಗೆಯನ್ನು ಶುದ್ಧಿ ಮಾಡುವ ಕೆಟಲಿಟಿಕ್ ಕನ್ವರ್ಟರು ಇರುವ ಗಾಡಿಗಳಲ್ಲಿ ಇದು ಇರುತ್ತದೆ. ಪೆಟ್ರೋಲು ಸಾಲದೆ ಹೋದರೆ ಇಂಜೆಕ್ಟರನ್ನು ತುಸು ಹೆಚ್ಚು ಹೊತ್ತು ತೆರೆಯುವಂತೆ ಅದು ಮಾಡುತ್ತದೆ. ಆದರೆ ಹಗುರವಾದ ಓಟದಲ್ಲಿ ಮಾತ್ರ. ಪೆಡಲನ್ನು ಪೂರ್ತಿ ಅದುಮಿದಾಗ ಕಂಪ್ಯೂಟರು ಆ ಸಂವೇದಿಯ ಮಾತನ್ನು ಕೇಳುವುದನ್ನೇ ಬಿಡುತ್ತದೆ. ಮೂರನೆಯದು ಸಾಬಿನವರು ೧೯೮೨ರ ಮಾದರಿಗಳಿಂದ ಅಳವಡಿಸಿದ ಎಪಿಸಿ ಎಂಬ ಕಾವಲುಗಾರ. ಎಂಜಿನ್ನಿನ ಬಡಿತವನ್ನು ಆಲಿಸಿ, ಬಡಿತ ಕೇಳಿಬಂದೊಡನೆ ಬೂಸ್ಟನ್ನು ತಗ್ಗಿಸುವುದು ಅದರ ಕೆಲಸ. ಎಂಜಿನ್ನನ್ನು ಅದೆಷ್ಟೋ ಸಲ ಉಳಿಸಿರುವುದೂ ಅದೇ. ಆದರೆ ಬೂಸ್ಟ್ ತಗ್ಗಿದುದನ್ನು ಕಂಡ ಚಾಲಕನು ಟರ್ಬೊ ಕೆಟ್ಟಿತೆಂದು ತಿಳಿಯುತ್ತಾನೆ. ಪೆಟ್ರೋಲಿನ ಅಪರಾಧಕ್ಕೆ ಗಾಳಿಗೆ ಶಿಕ್ಷೆ! ಇಂಥ ಸಮಯದಲ್ಲಿ ಬೂಸ್ಟನ್ನು ಬಲವಂತವಾಗಿ ಏರಿಸಲು ಹೊರಡುವವರೂ ಇದ್ದಾರೆ; ಅವರು ಕಾವಲುಗಾರನ ಕೈಕಟ್ಟಿ ಕಳ್ಳನಿಗೆ ಬಾಗಿಲು ತೆರೆಯುತ್ತಾರೆ.

ಇಷ್ಟು ತಿಳಿದಮೇಲೆ ಸರಿಯಾದ ಅಳತೆ ಹೇಗಿರಬೇಕೆಂಬುದು ತಾನಾಗಿ ಹೊಳೆಯುತ್ತದೆ. ರೈಲಿಗೆ ಒತ್ತಡಮಾಪಕವನ್ನು ಜೋಡಿಸಿ, ಗಾಡಿ ಸೋಲುವ ಸ್ಥಿತಿಯಲ್ಲಿಯೇ, ಎಂದರೆ ಪೂರ್ಣ ಭಾರದಲ್ಲಿ, ಬೂಸ್ಟನ್ನೂ ಇಂಧನದ ಒತ್ತಡವನ್ನೂ ಜೊತೆಜೊತೆಯಾಗಿ ಬರೆದುಕೊಳ್ಳಬೇಕು. ಒಂದು ಅಂಕಿ ಸಾಲದು; ಹಲವು ಬೇಕು. ಅವುಗಳನ್ನು ಗ್ರಾಫ್ ಹಾಳೆಯ ಮೇಲೆ ಗುರುತಿಸಬೇಕು: ಅಡ್ಡರೇಖೆಯಲ್ಲಿ ಬೂಸ್ಟ್, ಲಂಬರೇಖೆಯಲ್ಲಿ ರೈಲಿನ ಒತ್ತಡ. ಆರೋಗ್ಯವಾಗಿರುವ ಗಾಡಿಯಲ್ಲಿ ಬಿಂದುಗಳು ಸರಳರೇಖೆಯಲ್ಲಿ ಕೂರುತ್ತವೆ. ಬೂಸ್ಟ್ ಸೊನ್ನೆಯಿದ್ದಾಗ ೩, ೦.೩ಕ್ಕೆ ೩.೩, ೦.೭ಕ್ಕೆ ೩.೭. ನಿಂತಲ್ಲಿ ನಡೆಯುವಾಗ ಮ್ಯಾನಿಫೋಲ್ಡಿನಲ್ಲಿ ಒತ್ತಡ ವಾಯುಮಂಡಲಕ್ಕಿಂತ ಸುಮಾರು ೦.೬ ಬಾರ್ ಕಡಮೆ ಇರುವುದರಿಂದ ರೈಲಿನಲ್ಲಿ ೨.೪. ಈ ರೇಖೆಯ ಓಟ ಒಂದಕ್ಕೆ ಒಂದು.

ರೋಗದ ಗಾಡಿಯಲ್ಲಿ ಈ ರೇಖೆ ಹೇಗೆ ಕೆಡುತ್ತದೆಂಬುದನ್ನೇ ನೋಡಬೇಕು. ನಮ್ಮ ಲೇಖನದ ತಿರುಳೆಲ್ಲ ಇಲ್ಲಿದೆ. ಬಿಂದುಗಳೆಲ್ಲವೂ ಸರಿಯಾದ ರೇಖೆಗೆ ಸಮಾನಾಂತರವಾಗಿ, ಆದರೆ ಕೆಳಗೆ ಬಿದ್ದರೆ ರೆಗ್ಯುಲೇಟರಿನ ಸ್ಪ್ರಿಂಗು ಬಲಗುಂದಿದೆ, ಅಥವಾ ಹಿಂದೆ ಯಾರೋ ಬೇರೆ ಗಾಡಿಯ ರೆಗ್ಯುಲೇಟರನ್ನು ಹಾಕಿದ್ದಾರೆ. ಬಿಂದುಗಳು ಮೇಲೇರದೆ ೩ರಲ್ಲಿಯೇ ಅಡ್ಡವಾಗಿ ಮಲಗಿದರೆ ಮ್ಯಾನಿಫೋಲ್ಡಿನ ಸುದ್ದಿ ರೆಗ್ಯುಲೇಟರಿಗೆ ತಲಪುತ್ತಿಲ್ಲ; ಆ ಸಣ್ಣ ರಬ್ಬರು ಕೊಳವೆ ಬಿರಿದಿದೆ ಇಲ್ಲವೆ ಕಳಚಿದೆ. ಈ ಎರಡನೆಯದರಲ್ಲಿ ಒಂದು ವಿನೋದವುಂಟು. ಕೊಳವೆ ಕಳಚಿದ ಗಾಡಿ ನಿಂತಲ್ಲಿ ೨.೪ಕ್ಕೆ ಬದಲಾಗಿ ೩ನ್ನು ತೋರಿಸುತ್ತದೆ. ಕೈಪಿಡಿಯಲ್ಲಿ ‘೩ ಬಾರ್’ ಎಂಬ ಅಂಕಿಯನ್ನಷ್ಟೇ ಓದಿಕೊಂಡ ಮೆಕ್ಯಾನಿಕನು ಸರಿಯಾಗಿಯೇ ಇದೆಯೆಂದು ಸಮಾಧಾನಪಟ್ಟುಕೊಳ್ಳುತ್ತಾನೆ. ಅವನ ಸಮಾಧಾನಕ್ಕೆ ಕಾರಣವಾದ ಅಂಕಿಯೇ ರೋಗದ ಲಕ್ಷಣ! ಮಾಪಕ ಸುಳ್ಳು ಹೇಳಲಿಲ್ಲ; ಪ್ರಶ್ನೆ ಕೇಳಿದವನಿಗೆ ತಾನು ಯಾವುದರ ಒತ್ತಡವನ್ನು ಯಾವುದಕ್ಕೆ ಹೋಲಿಸುತ್ತಿದ್ದೇನೆಂಬುದು ತಿಳಿದಿರಲಿಲ್ಲ.

ಮೂರನೆಯ ಬಗೆಯೇ ಹೆಚ್ಚು ಮೋಸದ್ದು. ಬಿಂದುಗಳು ೦.೪ ಬೂಸ್ಟಿನವರೆಗೆ ಸರಿಯಾದ ರೇಖೆಯ ಮೇಲೆಯೇ ಏರುತ್ತವೆ. ಅಲ್ಲಿಂದ ಮುಂದೆ ರೇಖೆ ಬಾಗಿ ಕೆಳಗಿಳಿಯುತ್ತದೆ. ರೆಗ್ಯುಲೇಟರು ನಿರ್ದೋಷಿ, ಬೇಕಾದಷ್ಟು ಪೆಟ್ರೋಲೇ ರೈಲಿಗೆ ಬರುತ್ತಿಲ್ಲ. ನಿಂತ ಗಾಡಿಯಲ್ಲಿ ಇದರ ಸುಳಿವು ಎಳ್ಳಷ್ಟೂ ಸಿಕ್ಕುವುದಿಲ್ಲ. ನಮ್ಮ ಮನೆಗಳ ನಲ್ಲಿಯಲ್ಲಿ ಇದನ್ನೇ ಕಾಣುತ್ತೇವೆ. ಮಾಳಿಗೆಯ ಮೇಲಿನ ತೊಟ್ಟಿಯಿಂದ ಬರುವ ಕೊಳವೆ ತುಕ್ಕಿನಿಂದ ಅರ್ಧ ಮುಚ್ಚಿಹೋಗಿದ್ದರೂ ನಲ್ಲಿಯನ್ನು ಮುಚ್ಚಿದಾಗ ಅಲ್ಲಿನ ಒತ್ತಡ ತೊಟ್ಟಿಯ ಎತ್ತರಕ್ಕೆ ತಕ್ಕಷ್ಟು ಪೂರ್ತಿಯಾಗಿಯೇ ಇರುತ್ತದೆ. ನಲ್ಲಿ ತಿರುಗಿಸಿದಾಗಲೇ ಬಡತನ ತಿಳಿಯುವುದು.

ರೇಖೆ ಬಾಗಿದರೆ ಕೂಡಲೆ ಹೊಸ ಪಂಪನ್ನು ತರುವುದು ರೂಢಿ. ನಾವು ಇದನ್ನು ಒಪ್ಪುವುದಿಲ್ಲ. ಪಂಪಿನ ಹಿಂದೆ ಮುಂದೆ ಇನ್ನೂ ಹಲವು ಸ್ಥಾನಗಳಿವೆ: ಟ್ಯಾಂಕಿನೊಳಗಿನ ಜಾಲರಿ, ಗಾಡಿಯ ಅಡಿಯಲ್ಲಿರುವ ಫಿಲ್ಟರು, ಒಳಗೇ ಉಬ್ಬಿದ ಹಳೆಯ ರಬ್ಬರು ಕೊಳವೆ, ಎಲ್ಲಕ್ಕಿಂತ ಹೆಚ್ಚಾಗಿ ವಿದ್ಯುತ್ತಿನ ತಂತಿ. ನಲವತ್ತು ವರ್ಷದ ಗಾಡಿಯಲ್ಲಿ ರಿಲೇಯ ತುದಿಗಳೂ ಜೋಡಣೆಗಳೂ ಕಿಲುಬು ಹಿಡಿದಿರುತ್ತವೆ. ಎಂಜಿನ್ನು ನಡೆಯುತ್ತಿರುವಾಗ ಬ್ಯಾಟರಿಯಲ್ಲಿ ೧೩.೮ ವೋಲ್ಟ್ ಇದ್ದು, ಪಂಪಿನ ತುದಿಗಳಲ್ಲಿ ೧೧.೨ ಮಾತ್ರ ಇದೆಯೆನ್ನೋಣ. ದಾರಿಯಲ್ಲಿ ಕಳೆದುಹೋದದ್ದು ೨.೬ ವೋಲ್ಟ್. ಪಂಪು ೬.೫ ಆಂಪಿಯರ್ ಸೆಳೆಯುತ್ತಿದ್ದರೆ ಓಮ್‌ನ ನಿಯಮದಂತೆ ತಂತಿಯ ದಾರಿಯ ರೋಧ ೦.೪ ಓಮ್. ಇಷ್ಟು ಚಿಕ್ಕ ರೋಧವನ್ನು ಸಾಮಾನ್ಯ ಓಮ್ ಮೀಟರು ಸರಿಯಾಗಿ ತೋರಿಸಲಾರದು. ಪಂಪನ್ನು ಬಿಡಿಸಿ ಬರಿಯ ತಂತಿಯ ತುದಿಯಲ್ಲಿ ಅಳೆದರೆ ವೋಲ್ಟ್ ಮೀಟರೂ ೧೩.೮ನ್ನೇ ತೋರಿಸೀತು. ಮುಚ್ಚಿದ ನಲ್ಲಿಯ ಕಥೆಯೇ ಇಲ್ಲಿಯೂ ಮರುಕಳಿಸಿದೆ. ಪ್ರವಾಹ ಹರಿಯುವಾಗ ಅಳೆದರೆ ಮಾತ್ರ ನಷ್ಟ ಗೋಚರವಾಗುತ್ತದೆ. ಕಡಮೆ ವೋಲ್ಟಿನಲ್ಲಿ ಮೋಟಾರು ನಿಧಾನವಾಗಿ ತಿರುಗುತ್ತದೆ, ಪೆಟ್ರೋಲು ಕಡಮೆ ಬರುತ್ತದೆ. ಇಂಥ ತಂತಿಗೆ ಹೊಸ ಪಂಪನ್ನು ಜೋಡಿಸಿದರೆ, ಹೊಸತಿನ ಬಲದಿಂದ ಗಾಡಿ ಕೆಲವು ತಿಂಗಳು ಓಡಿ, ಮತ್ತೆ ಅದೇ ಏರಿನಲ್ಲಿ ನಿಲ್ಲುತ್ತದೆ. ಆಗ ಪಂಪು ತಯಾರಿಸಿದವರಿಗೆ ಶಾಪ!

ವೋಲ್ಟೇಜು ಸರಿಯಿದ್ದರೆ ಹರಿವಿನ ಮೊತ್ತವನ್ನು ಅಳೆಯಬೇಕು. ಎಂಜಿನ್ನನ್ನು ನಿಲ್ಲಿಸಿ, ಪಂಪನ್ನು ಮಾತ್ರ ನಡೆಸಿ, ಟ್ಯಾಂಕಿಗೆ ಮರಳುವ ಪೆಟ್ರೋಲನ್ನು ಅರ್ಧ ನಿಮಿಷದ ಕಾಲ ಅಳತೆಯ ಪಾತ್ರೆಗೆ ಹಿಡಿಯುವುದು ಕ್ರಮ. ಎಷ್ಟು ಬರಬೇಕೆಂಬುದನ್ನು ವಿದ್ಯಾರ್ಥಿಗಳೇ ಗುಣಿಸಬಹುದು. ಪೂರ್ಣ ಭಾರದಲ್ಲಿ ಗಂಟೆಗೆ ೫೪ ಲೀಟರು ಖರ್ಚೆಂದರೆ ಅರ್ಧ ನಿಮಿಷಕ್ಕೆ ೪೫೦ ಮಿಲಿಲೀಟರು. ಪಾತ್ರೆಯಲ್ಲಿ ಅದಕ್ಕಿಂತ ಸಾಕಷ್ಟು ಹೆಚ್ಚಾಗಿ ತುಂಬಬೇಕು; ಏಕೆಂದರೆ ಬೂಸ್ಟಿನಲ್ಲಿ ಪಂಪು ಇನ್ನೂ ಹೆಚ್ಚಿನ ಒತ್ತಡದ ಎದುರು ದುಡಿಯಬೇಕಾಗುತ್ತದೆ. ಸಾಲದೆ ಬಂದರೆ ಮೊದಲು ಫಿಲ್ಟರು, ಆಮೇಲೆ ಜಾಲರಿ. ಎರಡೂ ಶುದ್ಧವಾಗಿದ್ದರೆ ಪಂಪನ್ನು ದೂರಲು ಅಡ್ಡಿಯಿಲ್ಲ.

ಇಷ್ಟು ಅಳತೆಗೆ ಎರಡು ಗಂಟೆ ಹಿಡಿಯುತ್ತದೆ, ಅದಕ್ಕೆ ಕೂಲಿ ಕೊಡುವವರಾರು, ಭಾಗವನ್ನು ಬದಲಾಯಿಸಿ ನೋಡುವುದೇ ಅಗ್ಗವಲ್ಲವೆ ಎಂದು ಗ್ಯಾರೇಜಿನವರು ವಾದಿಸುತ್ತಾರೆ. ಈ ವಾದವನ್ನು ನಾವು ಹಗುರವಾಗಿ ತಳ್ಳಿಹಾಕುವುದಿಲ್ಲ. ಭಾಗಗಳು ಯಥೇಚ್ಛವಾಗಿ ದೊರೆಯುವ, ಟರ್ಬೊ ಇಲ್ಲದ ಸಾಧಾರಣ ಕಾರಿನಲ್ಲಿ ಅದು ಸರಿಯಾಗಿಯೂ ಇರಬಹುದು. ಅಲ್ಲಿ ತಪ್ಪು ಊಹೆಯ ದಂಡ ಸಾಮಾನ್ಯವಾಗಿ ಹಣ ಮತ್ತು ಬೇಸರ ಮಾತ್ರ. ಆದರೆ ತಯಾರಕರೇ ಇಲ್ಲದ ಟರ್ಬೊ ಗಾಡಿಯಲ್ಲಿ ಪ್ರತಿಯೊಂದು ತಪ್ಪು ಊಹೆಯ ಬಳಿಕವೂ ಯಜಮಾನನು ಅದೇ ಏರನ್ನು ಮತ್ತೆ ಪೂರ್ಣ ಬೂಸ್ಟಿನಲ್ಲಿ ಹತ್ತಿ ಪರೀಕ್ಷಿಸುತ್ತಾನೆ. ಪಣಕ್ಕಿಟ್ಟದ್ದು ಪಿಸ್ಟನ್ನು. ಇನ್ನು ತಿರುಪಿನಿಂದ ಒತ್ತಡವನ್ನು ಹೆಚ್ಚಿಸುವ ರೆಗ್ಯುಲೇಟರನ್ನು ಹಾಕಿ, ನಿಂತ ಗಾಡಿಯಲ್ಲಿ ಮಾಪಕದ ಮುಳ್ಳನ್ನು ಮೇಲೇರಿಸಿ ಸಂತೋಷಪಡುವವರ ವಿಷಯ. ಪಂಪು ಸೋತ ಗಾಡಿಯಲ್ಲಿ ಇದರಿಂದ ನಿಂತಲ್ಲಿ ಪೆಟ್ರೋಲು ಹೆಚ್ಚಾಗಿ ಹೊಗೆ ಕಪ್ಪಾಗುತ್ತದೆ. ಏರಿನಲ್ಲಿ ಕೊರತೆ ಹಾಗೆಯೇ ಉಳಿಯುತ್ತದೆ. ಜ್ವರಮಾಪಕವನ್ನು ತಣ್ಣೀರಿನಲ್ಲಿ ಅದ್ದಿ ಜ್ವರ ಇಳಿಯಿತೆಂದಂತೆ!

ಇತ್ತೀಚಿನ ಒಂದು ಸಂಗತಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸ್ವೀಡನ್ನಿನಲ್ಲಿ ೨೦೨೧ರ ಆಗಸ್ಟಿನಿಂದ ಸಾಮಾನ್ಯ ಪೆಟ್ರೋಲಿನಲ್ಲಿ ನೂರಕ್ಕೆ ಹತ್ತರವರೆಗೆ ಎಥನಾಲ್ ಬೆರೆಸುತ್ತಿದ್ದಾರೆ. ಎಥನಾಲ್ ಉರಿಯಲು ಕಡಮೆ ಗಾಳಿ ಸಾಕು. ಆದಕಾರಣ ಇಂಜೆಕ್ಟರು ಮೊದಲಿನಷ್ಟೇ ಸಿಂಪಡಿಸಿದರೂ ಮಿಶ್ರಣ ಸುಮಾರು ನೂರಕ್ಕೆ ನಾಲ್ಕರಷ್ಟು ಬಡವಾಗುತ್ತದೆ. ಎಥನಾಲ್ ತಾನೇ ಬಡಿತವನ್ನು ತಡೆಯುವ ಗುಣವುಳ್ಳದ್ದೆಂಬುದು ನಿಜ. ಆದರೆ ಅದಕ್ಕೆಂದು ಮಾಡಿರದ ಹಳೆಯ ರಬ್ಬರನ್ನು ಅದು ಕೆಡಿಸುತ್ತದೆ. ಕಿತ್ತ ಚೂರುಗಳು ಫಿಲ್ಟರನ್ನು ಸೇರುತ್ತವೆ. ನಮ್ಮ ದೇಶದಲ್ಲಿ ಈ ಬೆರಕೆ ೨೦೨೫ರಲ್ಲಿ ನೂರಕ್ಕೆ ಇಪ್ಪತ್ತನ್ನು ಮುಟ್ಟಿದೆಯಾದ್ದರಿಂದ ಇಲ್ಲಿ ಹಳೆಯ ಗಾಡಿಗಳನ್ನು ಇಟ್ಟುಕೊಂಡವರಿಗೂ ಈ ಮಾತು ಅನ್ವಯಿಸುತ್ತದೆ.

ನಮ್ಮ ಪ್ರಯೋಗಶಾಲೆಗಳ ವಿಷಯವಾಗಿ ಒಂದು ಮಾತು. ಒತ್ತಡವೆಂದರೆ ಮಾಪಕದಲ್ಲಿ ಓದಿ ಕೋಷ್ಟಕದಲ್ಲಿ ತುಂಬುವ ಒಂದು ಅಂಕಿಯೆಂದು ವಿದ್ಯಾರ್ಥಿಗಳು ತಿಳಿಯುವಂತೆ ನಾವು ಪಾಠ ಹೇಳುತ್ತಿದ್ದೇವೆ. ಹಳೆಯದೊಂದು ಕಾರಿನ ಪಂಪು, ರೆಗ್ಯುಲೇಟರು, ಎರಡು ಮಾಪಕಗಳು, ಕೈಯಿಂದ ಒತ್ತುವ ಗಾಳಿಪಂಪು ಇಷ್ಟಿದ್ದರೆ ಪಾಲಿಟೆಕ್ನಿಕ್ಕಿನಲ್ಲಿ ಮೇಲೆ ಹೇಳಿದ ಮೂರು ರೇಖೆಗಳನ್ನೂ ಮೇಜಿನ ಮೇಲೆಯೇ ಬಿಡಿಸಬಹುದು. ರೆಗ್ಯುಲೇಟರಿನ ಸಣ್ಣ ಕೊಳವೆಗೆ ೦.೭ ಬಾರ್ ಗಾಳಿಯನ್ನು ಒತ್ತಿದಾಗ ಇನ್ನೊಂದು ಮಾಪಕ ೩.೭ಕ್ಕೆ ಏರುವುದನ್ನು ಕಣ್ಣಾರೆ ಕಂಡ ಹುಡುಗನು ಅದನ್ನು ಮರೆಯಲಾರನು. ಪಂಪಿಗೆ ಹೋಗುವ ತಂತಿಯ ನಡುವೆ ಸಣ್ಣ ರೋಧವನ್ನು ಸೇರಿಸಿ ರೇಖೆಯನ್ನು ಬಾಗಿಸಿ ತೋರಿಸುವುದೂ ಸುಲಭ.

ಆದರೆ ಪೆಟ್ರೋಲು ನೀರಲ್ಲ. ಕೊಳವೆಯನ್ನು ಬಿಚ್ಚುವ ಮೊದಲು ಪಂಪಿನ ಫ್ಯೂಸನ್ನು ತೆಗೆದು ಎಂಜಿನ್ನು ತಾನಾಗಿ ನಿಲ್ಲುವವರೆಗೆ ನಡೆಸಿ ಒತ್ತಡವನ್ನು ಇಳಿಸಬೇಕು. ಹಾಗಿದ್ದರೂ ಜೋಡಣೆಯ ಸುತ್ತ ಬಟ್ಟೆ ಸುತ್ತಿರಬೇಕು. ಕೆಲಸ ಬಯಲಿನಲ್ಲಿ, ಎಂಜಿನ್ನು ತಣ್ಣಗಿರುವಾಗ, ಬೆಂಕಿ ಆರಿಸುವ ಸಾಧನವನ್ನು ಪಕ್ಕದಲ್ಲಿಟ್ಟುಕೊಂಡು, ತಿಳಿದ ಹಿರಿಯರ ಎದುರಿನಲ್ಲಿ ಮಾತ್ರ ನಡೆಯತಕ್ಕದ್ದು. ಪೂರ್ಣ ಭಾರದ ಅಳತೆಗೆ ಗಾಡಿಯನ್ನು ಉರುಳೆಗಳ ಮೇಲೆ ಓಡಿಸುವ ಡೈನಮೋಮೀಟರೇ ಉತ್ತಮ. ಅದಿಲ್ಲದೆ ರಸ್ತೆಯಲ್ಲಿ ಪರೀಕ್ಷಿಸುವುದಾದರೆ ಮಾಪಕವನ್ನು ಗಾಡಿಯೊಳಗೆ ತರಬಾರದು. ಮುಂದಿನ ಗಾಜಿನ ಹೊರಗೆ ಪಟ್ಟಿಯಿಂದ ಅಂಟಿಸಿ ಒಳಗಿನಿಂದ ಓದಬೇಕು. ಓದುವವನು ಬೇರೆ, ನಡೆಸುವವನು ಬೇರೆಯಾಗಿರಬೇಕು. ಬೂಸ್ಟ್ ಏರುತ್ತಿರುವಾಗ ಒತ್ತಡ ಇಳಿಯತೊಡಗಿದೊಡನೆ, ಬಡಿತ ಕೇಳಿಸಲಿ ಬಿಡಲಿ, ಪೆಡಲಿನಿಂದ ಕಾಲು ತೆಗೆಯಬೇಕು. ಅಷ್ಟು ಹೊತ್ತಿಗೆ ಬೇಕಾದ ಬಿಂದುಗಳು ದೊರೆತಿರುತ್ತವೆ. ದುರಸ್ತಿ ಮುಗಿದ ಮೇಲೆ ಅದೇ ಏರಿನಲ್ಲಿ, ಅಷ್ಟೇ ಜನರನ್ನು ಕೂರಿಸಿಕೊಂಡು, ಹಳೆಯ ಗ್ರಾಫ್ ಹಾಳೆಯ ಮೇಲೆಯೇ ಬೇರೆ ಬಣ್ಣದ ಪೆನ್ಸಿಲಿನಿಂದ ಹೊಸ ಬಿಂದುಗಳನ್ನು ಗುರುತಿಸಿ, ಆ ಹಾಳೆಯನ್ನು ಬಿಲ್ಲಿನೊಡನೆ ಯಜಮಾನರ ಕೈಗೆ ಕೊಡಬೇಕು.